ವಿಶ್ವವಿದ್ಯಾಲಯದ ಮಾರ್ಕೆಟಿಂಗ್ ಕಚೇರಿಯಲ್ಲಿ ಆರು ತಿಂಗಳು: ಒಂದು ಇಂಟರ್ನ್‌ಶಿಪ್ ಪ್ರಕರಣ

ಮಾರ್ಕೆಟಿಂಗ್ ಇಂಟರ್ನ್‌ಶಿಪ್ ಮುಗಿಸಿದವರ ರೆಸ್ಯೂಮೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಸಾಮಾಜಿಕ ಜಾಲತಾಣಗಳ ನಿರ್ವಹಣೆ, ಬರವಣಿಗೆ, ದತ್ತಾಂಶ ವಿಶ್ಲೇಷಣೆ.’ ಓದಿದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಯಾರಿಗಾಗಿ ಬರೆದರು, ಯಾವ ಅಂಕಿಅಂಶ ನೋಡಿ ಏನು ತೀರ್ಮಾನಿಸಿದರು, ಆ ತೀರ್ಮಾನದಿಂದ ಏನಾದರೂ ಬದಲಾಯಿತೇ ಎಂಬುದೆಲ್ಲ ಆ ಸಾಲಿನ ಆಚೆಗೇ ಉಳಿಯುತ್ತದೆ. ಅಂಥ ಒಂದು ಸಾಲಿನ ಹಿಂದಿನ ಆರು ತಿಂಗಳನ್ನು ಇಲ್ಲಿ ಬಿಡಿಸಿ ನೋಡಿದ್ದೇನೆ.

ಪ್ರಕರಣದ ಪದವೀಧರೆಗೂ ವಿಶ್ವವಿದ್ಯಾಲಯಕ್ಕೂ ಹೆಸರಿಲ್ಲ. ತರಗತಿಯ ಚರ್ಚೆಗೆಂದು ಕಟ್ಟುವ ಪ್ರಕರಣಗಳ ಹಾಗೆ ಇದೂ ಕಟ್ಟಿದ್ದು. ಇಂಥ ಕಚೇರಿಗಳಲ್ಲಿ ಮಾಮೂಲಾಗಿ ಎದುರಾಗುವ ಸಂಗತಿಗಳನ್ನು ಒಬ್ಬಳ ಅನುಭವವಾಗಿ ಜೋಡಿಸಿದೆ. ಹೆಸರು, ಇಸವಿ ಸಮೇತ ಹೇಳಿರುವ ಹೊರಗಿನ ಸಂಗತಿಗಳು ಮಾತ್ರ ದಾಖಲೆಯಲ್ಲಿ ಇರುವಂಥವು.

ಎಲ್ಲಿನ ಮಾರ್ಕೆಟಿಂಗ್ ಇದು?

ವಿಶ್ವವಿದ್ಯಾಲಯಕ್ಕೂ ಮಾರ್ಕೆಟಿಂಗ್‌ಗೂ ಏನು ಸಂಬಂಧ ಎಂದು ಮುಖ ಸಿಂಡರಿಸುವ ಪ್ರಾಧ್ಯಾಪಕರು ಇಂದಿಗೂ ಇದ್ದಾರೆ. ಈ ಜಗಳ ಹಳೆಯದು. ಮಾರ್ಕೆಟಿಂಗ್ ಎಂದರೆ ಸೋಪು, ಟೂತ್‌ಪೇಸ್ಟ್ ಮಾರುವುದಷ್ಟೇ ಅಲ್ಲ, ಲಾಭಕ್ಕಾಗಿ ನಡೆಯದ ಸಂಸ್ಥೆಗಳೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಅದನ್ನೇ ಮಾಡುತ್ತವೆ ಎಂದು ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕರಾದ ಫಿಲಿಪ್ ಕೋಟ್ಲರ್ ಮತ್ತು ಸಿಡ್ನಿ ಲೆವಿ 1969ರಲ್ಲೇ ವಾದಿಸಿದ್ದರು. 1985ರಲ್ಲಿ ಕೋಟ್ಲರ್ ಅವರು ಕ್ಯಾರನ್ ಫಾಕ್ಸ್ ಜೊತೆ ಸೇರಿ ಶಿಕ್ಷಣ ಸಂಸ್ಥೆಗಳಿಗೆಂದೇ ಒಂದು ಪುಸ್ತಕ ಬರೆದರು. ಅಲ್ಲಿಂದೀಚೆಗೆ ವಾದ ಮುಗಿಯದಿದ್ದರೂ ಕಚೇರಿಗಳು ಮಾತ್ರ ಎಲ್ಲೆಡೆ ಹುಟ್ಟಿಕೊಂಡಿವೆ.

ಆದರೆ ಇಲ್ಲಿನ ಮಾರ್ಕೆಟಿಂಗ್‌ಗೆ ಅದರದೇ ವಿಚಿತ್ರಗಳಿವೆ. ಕೊಳ್ಳುವವರು ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಕೊಳ್ಳುತ್ತಾರೆ. ಕೊಳ್ಳುವ ಮುಂಚೆ ರುಚಿ ನೋಡಲಾಗದು, ಕೊಂಡ ಮೇಲೆ ಹಿಂತಿರುಗಿಸಲಾಗದು. ಓದುವವರು ಒಬ್ಬರು, ಹಣ ಕಟ್ಟುವವರು ಹೆಚ್ಚಾಗಿ ಇನ್ನೊಬ್ಬರು, ಸಲಹೆ ಕೊಡುವವರು ಹತ್ತು ಮಂದಿ. ಎಲ್ಲಕ್ಕಿಂತ ಮಿಗಿಲಾಗಿ, ಕೊಳ್ಳಲು ಬಂದವರನ್ನು ಮಾರುವವರೇ ಪರೀಕ್ಷೆ ಮಾಡಿ ಒಳಗೆ ಬಿಡುತ್ತಾರೆ, ಆಮೇಲೆ ವರ್ಷವರ್ಷವೂ ಅಂಕ ಕೊಡುತ್ತಾರೆ. ಅಂಗಡಿ, ಬ್ಯಾಂಕು, ಆ್ಯಪ್‌ಗಳ ಮಾರ್ಕೆಟಿಂಗ್ ಕಲಿತು ಬಂದವರಿಗೆ ಮೊದಲ ಎಡವು ಇಲ್ಲೇ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಪ್ರಕರಣ ಮುಂದೆ ತಿರುಗುವುದು ಅದರ ಸುತ್ತಲೇ. ಪಠ್ಯಪುಸ್ತಕದ ನಾಲ್ಕು ಅಂಶಗಳಾದ ಉತ್ಪನ್ನ, ಬೆಲೆ, ಸ್ಥಳ, ಪ್ರಚಾರ ಇವು ಸೇವೆಗಳಿಗೆ ಸಾಲವು ಎಂದು ಬರ್ನಾರ್ಡ್ ಬೂಮ್ಸ್ ಮತ್ತು ಮೇರಿ ಬಿಟ್ನರ್ 1981ರಲ್ಲಿ ಇನ್ನು ಮೂರನ್ನು ಸೇರಿಸಿದರು: ಜನ, ಕಾರ್ಯವಿಧಾನ, ಕಣ್ಣಿಗೆ ಕಾಣುವ ಪುರಾವೆ. ಇಂಟರ್ನ್‌ಗಳನ್ನು ಕೂರಿಸುವುದು ‘ಪ್ರಚಾರ’ದ ಮೇಜಿನಲ್ಲಿ. ವಿಶ್ವವಿದ್ಯಾಲಯದಲ್ಲಿ ಗಂಟು ಬಿದ್ದಿರುವುದು ಬಹುಪಾಲು ಸಲ ‘ಕಾರ್ಯವಿಧಾನ’ದಲ್ಲಿ.

ಬಂದವಳು, ಕೊಟ್ಟ ಕೆಲಸ

ಆಕೆ ಸಮಾಜಶಾಸ್ತ್ರದ ಪದವೀಧರೆ, ಅದೇ ವಿಶ್ವವಿದ್ಯಾಲಯದಲ್ಲಿ ಓದಿದವಳು. ಮಾರ್ಕೆಟಿಂಗ್ ಓದಿರಲಿಲ್ಲ. ಆರು ತಿಂಗಳ ಇಂಟರ್ನ್‌ಶಿಪ್, ಸಣ್ಣ ಸ್ಟೈಪೆಂಡ್. ಕಚೇರಿಯಲ್ಲಿ ಒಬ್ಬ ಮುಖ್ಯಸ್ಥೆ, ಒಬ್ಬ ವಿನ್ಯಾಸಕಾರ, ವೆಬ್‌ಸೈಟ್ ನೋಡಿಕೊಳ್ಳುವ ಒಬ್ಬರು, ಪತ್ರಿಕಾ ಹೇಳಿಕೆಗಳನ್ನು ಬರೆಯುವ ಒಬ್ಬ ಹಿರಿಯರು.

ಮೊದಲ ಎರಡು ತಿಂಗಳ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ವಿಚಾರ ಸಂಕಿರಣಗಳ ಪೋಸ್ಟರ್, ದಿನಾಚರಣೆಗಳ ಶುಭಾಶಯ, ಅತಿಥಿಗಳಿಗೆ ಹೂಗುಚ್ಛ ಕೊಡುವ ಫೋಟೊಗಳು. ಯಾರು ಹೇಳಿದ್ದನ್ನೂ ಹಾಕಬೇಕು, ಯಾರು ಓದುತ್ತಾರೆ ಎಂದು ಯಾರೂ ಕೇಳರು. ಬಹಳಷ್ಟು ಇಂಟರ್ನ್‌ಶಿಪ್‌ಗಳು ಇಲ್ಲಿಗೇ ನಿಂತು ಪ್ರಮಾಣಪತ್ರದೊಂದಿಗೆ ಮುಗಿಯುತ್ತವೆ. ಈ ಅವಧಿಯನ್ನು ಪೂರ್ತಿ ವ್ಯರ್ಥ ಎನ್ನಲಾರೆ. ತಿಳಿ ಹಳದಿಯ ಮೇಲೆ ಬಿಳಿ ಅಕ್ಷರ ಹಾಕಬಾರದು, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸ ಬೇಕೆಂದು ವೆಬ್ ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಪೋಸ್ಟರನ್ನು ಬರಿಯ ಚಿತ್ರವಾಗಿ ಹಾಕಿದರೆ ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಕ್ಕೆ ಅದು ಖಾಲಿ ಹಾಳೆ: ಇಂಥವನ್ನು ವಿನ್ಯಾಸಕಾರನ ಪಕ್ಕ ಕೂತು ಕಲಿತಳು. ಸಂಕಿರಣದ ಫೋಟೊ ಒಂದರಲ್ಲಿದ್ದ ವಿದ್ಯಾರ್ಥಿನಿ ‘ನನ್ನ ಚಿತ್ರ ತೆಗೆದುಬಿಡಿ’ ಎಂದು ಬರೆದಾಗ, ಒಪ್ಪಿಗೆ ಪಡೆಯುವ ನಮೂನೆಯೇ ಕಚೇರಿಯಲ್ಲಿಲ್ಲ ಎಂಬುದು ಬೆಳಕಿಗೆ ಬಂತು. ನಮೂನೆ ತಯಾರಿಸುವ ಕೆಲಸವೂ ಆಕೆಗೇ ಬಿತ್ತು.

ಇಲ್ಲಿ ಒಂದು ಅಪಾಯವನ್ನು ಗುರುತಿಸಬೇಕು. ಓದಿದ ಜಾಗದಲ್ಲೇ ಇಂಟರ್ನ್ ಆದವರಿಗೆ ‘ವಿದ್ಯಾರ್ಥಿಗಳ ಮನಸ್ಸು ನನಗೆ ಗೊತ್ತು’ ಎಂಬ ಧೈರ್ಯ ಇರುತ್ತದೆ. ಗೊತ್ತಿರುವುದು ಪ್ರವೇಶ ಪಡೆದು, ಉಳಿದು, ಪಾಸಾದ ಒಬ್ಬ ವಿದ್ಯಾರ್ಥಿಯ ಮನಸ್ಸು ಮಾತ್ರ. ಅರ್ಜಿ ಹಾಕಿ ಬರದೇ ಹೋದವರು, ಸೀಟು ಸಿಕ್ಕಿಯೂ ಬಿಟ್ಟವರು ಆ ಅನುಭವದಲ್ಲಿ ಇರುವುದೇ ಇಲ್ಲ. ಆಕೆ ಮೊದಲ ಸಭೆಯಲ್ಲಿ ‘ಗ್ರಂಥಾಲಯವನ್ನು ಮುಂದಿಟ್ಟು ಪ್ರಚಾರ ಮಾಡೋಣ, ನಾನು ಅದಕ್ಕೇ ಬಂದದ್ದು’ ಎಂದಾಗ ಮುಖ್ಯಸ್ಥೆ ಕೇಳಿದ್ದು ಒಂದೇ ಪ್ರಶ್ನೆ: ‘ಬಾರದೇ ಇದ್ದವರು ಯಾಕೆ ಬರಲಿಲ್ಲಮ್ಮ?’

ವಿಚಾರಣೆಯ ಮೇಲ್‌ಗಳು

ಮೂರನೇ ತಿಂಗಳಲ್ಲಿ ಪ್ರವೇಶಾತಿ ಶುರುವಾಯಿತು. ಪ್ರತಿವರ್ಷದ ದೂರು ಅದೇ: ಸೀಟು ಮಂಜೂರಾದ ಪತ್ರ ಪಡೆದವರಲ್ಲಿ ದೊಡ್ಡ ಪಾಲು ಜನ ಶುಲ್ಕ ಕಟ್ಟಿ ಖಚಿತಪಡಿಸುವುದೇ ಇಲ್ಲ. ಕಚೇರಿಯ ವಾಡಿಕೆಯ ಉತ್ತರವೂ ಅದೇ: ಜಾಹೀರಾತು ಹೆಚ್ಚಿಸಿ. ಮುಖ್ಯಸ್ಥೆ ಈ ಸಲ ಇಂಟರ್ನ್‌ಗೆ ಬೇರೆ ಕೆಲಸ ಹಚ್ಚಿದರು. ಪ್ರವೇಶಾತಿ ವಿಭಾಗಕ್ಕೆ ಬಂದ ವಿಚಾರಣೆಯ ಮೇಲ್‌ಗಳನ್ನು, ಹೆಸರು ಮತ್ತು ಫೋನ್ ನಂಬರ್ ತೆಗೆಸಿ, ಆಕೆಗೆ ಕೊಡಿಸಿದರು. ‘ಓದಿ, ಬೇರೆಬೇರೆ ಗುಂಪು ಮಾಡಿ, ಏನು ಕಾಣುತ್ತೆ ಹೇಳು.’

ನನ್ನ ಲೆಕ್ಕದಲ್ಲಿ ಈ ಇಂಟರ್ನ್‌ಶಿಪ್ ನಿಜವಾಗಿ ಆರಂಭವಾದದ್ದು ಇಲ್ಲಿಂದ. ಸಮಾಜಶಾಸ್ತ್ರದಲ್ಲಿ ಸಂದರ್ಶನಗಳನ್ನು ವಿಷಯವಾರು ವಿಂಗಡಿಸುವುದು ಆಕೆ ಕಲಿತಿದ್ದ ಕೆಲಸ. ಡಿಗ್ರಿಯಲ್ಲಿ ಬೇಸರದಿಂದ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಎಕ್ಸೆಲ್ ಹಾಳೆಯಲ್ಲಿ ಪ್ರತಿ ಮೇಲ್‌ಗೆ ಒಂದು ಸಾಲು. ಕೇಳಿದ್ದು ಏನು, ಯಾವ ಹಂತದಲ್ಲಿ, ಬರೆದವರು ವಿದ್ಯಾರ್ಥಿಯೋ ಪೋಷಕರೋ, ಉತ್ತರ ಹೋಯಿತೇ. ಮೊದಲು ಮಾಡಿಕೊಂಡ ಗುಂಪುಗಳು ಅರ್ಧ ದಾರಿಯಲ್ಲಿ ಸಾಲದಾದವು. ಮತ್ತೆ ಮೊದಲಿನಿಂದ ಓದಬೇಕಾಯಿತು.

ಕಂಡದ್ದು ಹೀಗಿತ್ತು. ‘ಈ ವಿಶ್ವವಿದ್ಯಾಲಯ ಹೇಗೆ, ಉದ್ಯೋಗ ಸಿಗುತ್ತಾ’ ಎಂಬ ಪ್ರಶ್ನೆಗಳು ಅರ್ಜಿಗೆ ಮುಂಚಿನವು. ಸೀಟು ಸಿಕ್ಕ ಮೇಲಿನ ಪ್ರಶ್ನೆಗಳೇ ಬೇರೆ. ಕೊನೆಯ ದಿನ ಎಂದರೆ ಆ ದಿನ ಎಷ್ಟು ಗಂಟೆಯವರೆಗೆ? ಮೂಲ ಅಂಕಪಟ್ಟಿ ಇನ್ನೂ ಬಂದಿಲ್ಲ, ಏನು ಮಾಡಲಿ? ಹಾಸ್ಟೆಲ್‌ಗೆ ಬೇರೆ ಅರ್ಜಿಯೇ, ಇದರಲ್ಲೇ ಸೇರಿದೆಯೇ? ಕಂತಿನಲ್ಲಿ ಕಟ್ಟಬಹುದೇ? ಮಗಳ ಮೇಲ್ ಐಡಿಯಿಂದ ತಂದೆ ಬರೆದದ್ದು, ತಮ್ಮನ ಪರವಾಗಿ ಅಕ್ಕ ಬರೆದದ್ದು ಬೇಕಾದಷ್ಟಿದ್ದವು. ಈ ಹಂತದವರಿಗೆ ಇನ್ನೊಂದು ಜಾಹೀರಾತು ಬೇಕಿರಲಿಲ್ಲ. ಬರಲು ಮನಸ್ಸು ಮಾಡಿದವರು ಬಾಗಿಲ ಹತ್ತಿರ ನಿಂತು ಚಿಲಕ ಯಾವ ಕಡೆ ಎಂದು ಹುಡುಕುತ್ತಿದ್ದರು.

ಇದು ಒಂದು ಕಡೆಯ ಕಥೆಯಲ್ಲ. ಪ್ರವೇಶ ಸಿಕ್ಕಿಯೂ ತರಗತಿ ಶುರುವಾಗುವಷ್ಟರಲ್ಲಿ ಕರಗಿಹೋಗುವ ವಿದ್ಯಾರ್ಥಿಗಳ ಬಗ್ಗೆ ಅಮೆರಿಕದಲ್ಲಿ ಬೆಂಜಮಿನ್ ಕ್ಯಾಸಲ್‌ಮನ್, ಲಿಂಡ್ಸೆ ಪೇಜ್ ಮುಂತಾದವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮುಂದಿನ ಹೆಜ್ಜೆಯನ್ನು ನೆನಪಿಸುವ ಸಣ್ಣ ಸಂದೇಶಗಳು ಕೆಲವರನ್ನಾದರೂ ಉಳಿಸಿಕೊಳ್ಳುತ್ತವೆ ಎಂದು ಅವರ ಪ್ರಯೋಗಗಳಲ್ಲಿ ಕಂಡುಬಂತು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2016ರಲ್ಲಿ ‘ಪೌನ್ಸ್’ ಎಂಬ ಚಾಟ್‌ಬಾಟ್ ಮೂಲಕ ಇಂಥದೇ ಪ್ರಶ್ನೆಗಳಿಗೆ ಮೆಸೇಜಿನಲ್ಲಿ ಉತ್ತರ ಕೊಡಿಸಿದಾಗ, ಹಾಗೆ ಕರಗುವವರ ಪ್ರಮಾಣ ಸುಮಾರು ಐದನೇ ಒಂದರಷ್ಟು ಇಳಿಯಿತು. ಮುಖ್ಯಸ್ಥೆ ಈ ಅಧ್ಯಯನಗಳನ್ನು ಇಂಟರ್ನ್ ಕೈಗೆ ಕೊಟ್ಟದ್ದು ಆಕೆ ತನ್ನ ಹಾಳೆ ಮುಗಿಸಿದ ಮೇಲೆ. ಮೊದಲೇ ಕೊಟ್ಟಿದ್ದರೆ ಹುಡುಗಿ ಅಧ್ಯಯನದಲ್ಲಿ ಇದ್ದದ್ದನ್ನೇ ಮೇಲ್‌ಗಳಲ್ಲೂ ಕಂಡುಕೊಂಡು ಬರುತ್ತಿದ್ದಳು.

ಒಂದು ಪತ್ರ, ನಾಲ್ಕು ಕಚೇರಿ

ಸೀಟು ಮಂಜೂರಾತಿಯ ಮೇಲ್ ತೆಗೆದು ನೋಡಿದರೆ ಮೊದಲ ಮೂರು ಪ್ಯಾರಾ ಸಂಸ್ಥೆಯ ಪರಂಪರೆ. ಕೊನೆಯ ದಿನಾಂಕ ಲಗತ್ತಿಸಿದ ಪಿಡಿಎಫ್‌ನ ಎರಡನೇ ಪುಟದಲ್ಲಿ. ಹಾಸ್ಟೆಲ್ ವಿಷಯ ಇನ್ನೊಂದು ವೆಬ್ ಪುಟದಲ್ಲಿ, ಅದರ ಲಿಂಕ್ ಪತ್ರದಲ್ಲಿಲ್ಲ.

ಆಕೆ ಹೊಸ ಕರಡು ಬರೆದಳು. ನೀವು ಏನು ಮಾಡಬೇಕು, ಯಾವ ದಿನ ಎಷ್ಟು ಗಂಟೆಯೊಳಗೆ, ಯಾವ ಕಾಗದ ಕೈಯಲ್ಲಿಲ್ಲದಿದ್ದರೆ ಪರವಾಗಿಲ್ಲ, ಯಾರನ್ನು ಕೇಳಬೇಕು ಎಂಬುದೆಲ್ಲ ಮೊದಲು. ಪರಂಪರೆ ಕೊನೆಗೆ, ಎರಡೇ ಸಾಲು. ಒಂದೇ ಮಧ್ಯಾಹ್ನದ ಕೆಲಸ. ಒಪ್ಪಿಗೆ ಸಿಗಲು ವಾರಗಳೇ ಹಿಡಿದವು, ಯಾಕೆಂದರೆ ಪತ್ರ ಮಾರ್ಕೆಟಿಂಗ್ ಕಚೇರಿಯದಾಗಿರಲಿಲ್ಲ. ದಿನಾಂಕ ಪ್ರವೇಶಾತಿ ವಿಭಾಗದ್ದು, ಕಂತಿನ ಮಾತು ಹಣಕಾಸು ವಿಭಾಗದ್ದು, ಹಾಸ್ಟೆಲ್ ವಾರ್ಡನ್ ಕಚೇರಿಯದ್ದು, ಪತ್ರದ ಕೆಳಗಿನ ಸಹಿ ಕುಲಸಚಿವರದ್ದು.

ಕರಡಿನಲ್ಲಿ ಆಕೆ ‘ನಿಮಗೆ ಹಾಸ್ಟೆಲ್ ವ್ಯವಸ್ಥೆ ಇದೆ’ ಎಂದು ಬರೆದಿದ್ದಳು. ಕುಲಸಚಿವರ ಕಚೇರಿ ಅದನ್ನು ಹೊಡೆದುಹಾಕಿ ‘ಲಭ್ಯತೆಗೆ ಅನುಗುಣವಾಗಿ ಪರಿಗಣಿಸಲಾಗುವುದು’ ಎಂದು ತಿದ್ದಿ ಕಳಿಸಿತು. ಆಕೆಗೆ ಸಿಟ್ಟು ಬಂತು. ಮುಖ್ಯಸ್ಥೆ ಹಿಂತಿರುಗಿ ಮೇಲ್ ಬರೆಯಲು ಬಿಡದೆ, ಹೋಗಿ ಮಾತಾಡಿ ಬಾ ಎಂದು ಕಳಿಸಿದರು. ಅಲ್ಲಿನ ಅಧೀಕ್ಷಕರು ಹಳೆಯ ಕಡತ ತೆಗೆದು ತೋರಿಸಿದರು.

‘ನೋಡಮ್ಮ, ಹಿಂದೆ ಒಂದು ವರ್ಷ ಬ್ರೋಷರಿನಲ್ಲಿ ಹೀಗೇ ಬರೆದಿದ್ರು. ಕೊಠಡಿ ಸಿಗದವರು ಆ ಹಾಳೆಯನ್ನೇ ಹಿಡ್ಕೊಂಡು ಬಂದ್ರು. ಉತ್ತರ ಕೊಡಬೇಕಾದವರು ನಾವು.’

‘ಆದ್ರೆ ಸರ್, ಇದನ್ನ ಓದಿದವರಿಗೆ ಸಿಗುತ್ತೋ ಇಲ್ವೋ ಗೊತ್ತಾಗೋದೇ ಇಲ್ವಲ್ಲ.’

‘ಸಿಗುತ್ತೋ ಇಲ್ವೋ ನಮಗೂ ಆ ದಿನಕ್ಕೆ ಗೊತ್ತಿರಲ್ಲ. ಪಟ್ಟಿ ಯಾವತ್ತು ಬರುತ್ತೆ ಅನ್ನೋದು ಗೊತ್ತಿರುತ್ತೆ.’

ಕೊನೆಗೆ ಪತ್ರದಲ್ಲಿ ಹೋದ ವಾಕ್ಯ ಹುಟ್ಟಿದ್ದು ಈ ಮಾತಿನಿಂದ: ಹಾಸ್ಟೆಲ್‌ಗೆ ಪ್ರತ್ಯೇಕ ಅರ್ಜಿ ಹಾಕಬೇಕು, ಹಂಚಿಕೆಯ ಪಟ್ಟಿ ಇಂಥ ದಿನ ಪ್ರಕಟವಾಗುತ್ತದೆ, ಹೆಸರಿಲ್ಲದವರಿಗೆ ಹೊರಗಿನ ವಸತಿಯ ಮಾಹಿತಿ ಇಂಥ ಕಡೆ ಸಿಗುತ್ತದೆ. ಸುಳ್ಳು ಭರವಸೆಯೂ ಇಲ್ಲ, ಕಚೇರಿ ಭಾಷೆಯ ಮಬ್ಬೂ ಇಲ್ಲ. ಬರೆಯುವ ಕೌಶಲ ಎಂದು ರೆಸ್ಯೂಮೆಯಲ್ಲಿ ಕಾಣುವುದರ ಬಹುಭಾಗ ಹೀಗೆ ಬೇರೆಯವರ ಮೇಜಿನ ಮುಂದೆ ನಿಂತು ಕಲಿಯುವಂಥದ್ದು. ತಡಮಾಡುವ ಕಚೇರಿಗೂ ತನ್ನದೊಂದು ಕಾರಣ ಇರುತ್ತದೆ, ಆ ಕಾರಣ ತಿಳಿಯದೆ ವಾಕ್ಯ ತಿದ್ದಿದರೆ ಅದು ನಿಲ್ಲುವುದಿಲ್ಲ ಎಂಬುದನ್ನು ಆಕೆಗೆ ಯಾವ ಕೋರ್ಸೂ ಕಲಿಸಿರಲಿಲ್ಲ.

ಮೇಲ್ ಜೊತೆಗೆ ಎಸ್‌ಎಂಎಸ್ ಕೂಡ ಇತ್ತು. ಅಲ್ಲೊಂದು ಸಣ್ಣ ಪಾಠ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ. ಯೂನಿಕೋಡ್ ಬೇಕಾಗುವ ಕನ್ನಡದಂಥ ಲಿಪಿಗಳಲ್ಲಿ 70 ಮಾತ್ರ, ಒತ್ತಕ್ಷರ, ಗುಣಿತ ಚಿಹ್ನೆಗಳೆಲ್ಲ ಬೇರೆಬೇರೆ ಎಣಿಕೆಯಾಗಿ. ಮನೆಯವರೂ ಓದಲಿ ಎಂದು ಅವರ ಭಾಷೆಯಲ್ಲಿ ಕಳಿಸಲು ಹೊರಟರೆ ಒಂದು ಸಂದೇಶ ಮೂರಾಗಿ ಒಡೆದು, ಖರ್ಚೂ ಮೂರು ಪಟ್ಟಾಗುತ್ತದೆ. ಹಾಗೆಂದು ಕೈಬಿಡಲಿಲ್ಲ, ಸಂದೇಶವನ್ನು ದಿನಾಂಕ ಮತ್ತು ಲಿಂಕ್ ಎರಡಕ್ಕೇ ಇಳಿಸಿದರು.

ಸಂಖ್ಯೆಗಳು ಹೇಳಿದ್ದು, ಹೇಳದ್ದು

ಹೊಸ ಪತ್ರ ಹಳೆಯದಕ್ಕಿಂತ ಉತ್ತಮ ಎಂದು ಹೇಗೆ ತಿಳಿಯುವುದು? ಅರ್ಜಿ ಸಂಖ್ಯೆ ಸಮ ಇದ್ದವರಿಗೆ ಹಳೆಯದು, ಬೆಸ ಇದ್ದವರಿಗೆ ಹೊಸದು ಕಳಿಸೋಣ ಎಂದಳು. ಪ್ರವೇಶಾತಿ ಅಧಿಕಾರಿ ಕೂಡಲೇ ಅಡ್ಡ ಬಂದರು. ಅರ್ಧ ಜನರಿಗೆ ಗೊತ್ತಿದ್ದೂ ಕೆಟ್ಟ ಪತ್ರ ಕಳಿಸುವುದು ಸರಿಯೇ? ಒಬ್ಬ ವಿದ್ಯಾರ್ಥಿ ಅದರಿಂದ ದಿನಾಂಕ ತಪ್ಪಿಸಿಕೊಂಡರೆ? ಸೋಪಿನ ಜಾಹೀರಾತಿನಲ್ಲಿ ಏಳದ ಪ್ರಶ್ನೆ ಇದು. ಕಡೆಗೆ ಒಪ್ಪಂದವಾಯಿತು: ಮಾಹಿತಿ ಎಲ್ಲರಿಗೂ ಒಂದೇ, ದಿನಾಂಕ ಎರಡರಲ್ಲೂ ಪತ್ರದೊಳಗೇ, ಬದಲಾಗುವುದು ಕ್ರಮ ಮತ್ತು ವಿಷಯದ ಸಾಲು ಮಾತ್ರ. ಮೊದಲ ಸುತ್ತಿನಲ್ಲಿ ನೋಡಿ, ಎರಡನೇ ಸುತ್ತಿನಿಂದ ಉತ್ತಮವಾದದ್ದೇ ಎಲ್ಲರಿಗೂ.

ಫಲಿತಾಂಶ ಬಂದಾಗ ಕಚೇರಿಯಲ್ಲಿ ಸಂಭ್ರಮ. ಮೇಲ್ ತೆರೆದವರ ಪ್ರಮಾಣ ಹಳೆಯ ವರ್ಷಗಳಿಗಿಂತ ಎಷ್ಟೋ ಮೇಲೆ. ಸಂಭ್ರಮಕ್ಕೆ ಆಧಾರವಿಲ್ಲ ಎಂದು ಹೇಳಿದ್ದು ವೆಬ್‌ಸೈಟ್ ನೋಡಿಕೊಳ್ಳುವವರು. ಮೇಲ್ ತೆರೆದದ್ದು ತಿಳಿಯುವುದು ಅದರೊಳಗೆ ಅಡಗಿಸಿಟ್ಟ ಕಾಣದಷ್ಟು ಸಣ್ಣ ಚಿತ್ರವೊಂದು ಲೋಡ್ ಆದಾಗ. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ಐಒಎಸ್ 15ರೊಂದಿಗೆ ಆಪಲ್ ತಂದ ಖಾಸಗಿತನ ವ್ಯವಸ್ಥೆ ಆ ಚಿತ್ರವನ್ನು ತಾನೇ ಮುಂಚಿತವಾಗಿ ಲೋಡ್ ಮಾಡಿಕೊಳ್ಳುತ್ತದೆ, ಓದುಗರು ಮೇಲ್ ಮುಟ್ಟದಿದ್ದರೂ. ಕಚೇರಿ ಹೋಲಿಸುತ್ತಿದ್ದ ಹಳೆಯ ಅಂಕಿಗಳು ಅದಕ್ಕೆ ಮುಂಚಿನವು. ಎರಡೂ ಪತ್ರಗಳ ‘ತೆರೆದವರ’ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇದ್ದದ್ದೂ ಇದನ್ನೇ ಹೇಳುತ್ತಿತ್ತು.

ಕ್ಲಿಕ್‌ಗಳನ್ನು ನೋಡೋಣ ಎಂದರೆ ಅಲ್ಲಿ ಬೇರೆ ಅವಾಂತರ. ಯಾವ ಲಿಂಕಿನಿಂದ ಜನ ಬಂದರು ಎಂದು ಗುರುತಿಸಲು ವಿಳಾಸದ ಬಾಲಕ್ಕೆ ಅಂಟಿಸುವ ಯುಟಿಎಂ ಗುರುತುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದಿದ್ದರು. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. ಒಂದೇ ಮೇಲ್ ವರದಿಯಲ್ಲಿ ನಾಲ್ಕು ಹೆಸರಿನಲ್ಲಿ ಕೂತಿತ್ತು. ಹಿಂದಿನ ವರ್ಷಗಳ ಜೊತೆ ಹೋಲಿಸಲು ಹೋದರೆ, 2023ರ ಜುಲೈ 1ರಂದು ಹಳೆಯ ಅನಲಿಟಿಕ್ಸ್ ನಿಂತು ಹೊಸ ಆವೃತ್ತಿಗೆ ಹೋಗಬೇಕಾಗಿ ಬಂದದ್ದರಿಂದ ಎಣಿಸುವ ರೀತಿಯೇ ಬದಲಾಗಿತ್ತು. ಆಕೆ ಇರುವ ಗುರುತುಗಳನ್ನೆಲ್ಲ ಒಂದು ಹದಕ್ಕೆ ತಂದು, ಮುಂದೆ ಹೇಗೆ ಬರೆಯಬೇಕೆಂದು ಒಂದು ಪುಟದ ನಿಯಮಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು. ಆರು ತಿಂಗಳಲ್ಲಿ ಆಕೆ ಮಾಡಿದ ಕೆಲಸಗಳಲ್ಲಿ ಕಚೇರಿಗೆ ಅತಿ ಹೆಚ್ಚು ದಿನ ಉಪಯೋಗಕ್ಕೆ ಬಂದದ್ದು ಪ್ರಾಯಶಃ ಆ ಪುಟವೇ. ರೆಸ್ಯೂಮೆಯಲ್ಲಿ ಮಾತ್ರ ಅದು ಮಿಂಚುವಂಥದ್ದಲ್ಲ.

ಶುದ್ಧಮಾಡಿದ ಲೆಕ್ಕದಲ್ಲಿ ಹೊಸ ಪತ್ರದ ಕ್ಲಿಕ್‌ಗಳು ಸ್ಪಷ್ಟವಾಗಿ ಹೆಚ್ಚಿದ್ದವು. ದಿನಾಂಕದ ಬಗ್ಗೆ ಕೇಳುವ ಮೇಲ್‌ಗಳು ಎರಡೂ ಗುಂಪಿನಿಂದ ಬಹುತೇಕ ನಿಂತವು. ಮುಖ್ಯ ಪ್ರಶ್ನೆಗೆ, ಅಂದರೆ ಶುಲ್ಕ ಕಟ್ಟಿ ಖಚಿತಪಡಿಸಿದವರು ಹೆಚ್ಚಾದರೇ ಎಂಬುದಕ್ಕೆ, ಉತ್ತರ ಮಸುಕು. ಹೊಸ ಪತ್ರದ ಗುಂಪಿನಲ್ಲಿ ಒಂದಿಷ್ಟು ಹೆಚ್ಚು, ಅಷ್ಟೆ.

ಆ ‘ಒಂದಿಷ್ಟು’ ಎಷ್ಟು ನಂಬಿಕೆಗೆ ಅರ್ಹ ಎಂದು ತಿಳಿಯಲು ಒಂದು ಕಲ್ಪಿತ ಲೆಕ್ಕ ಸಾಕು. ತಲಾ 500 ಮಂದಿಯ ಎರಡು ಗುಂಪು. ಒಂದರಲ್ಲಿ 300 ಮಂದಿ ಕಟ್ಟಿದರು, ಇನ್ನೊಂದರಲ್ಲಿ 318. ಶೇ 60ಕ್ಕೆ ಎದುರಾಗಿ ಶೇ 63.6. ನೋಡಲು ಗೆಲುವು. ಆದರೆ ಇಬ್ಬರಿಗೂ ಒಂದೇ ಪತ್ರ ಕಳಿಸಿದ್ದರೂ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರಬಹುದಾದ ಸಾಧ್ಯತೆ ಸಣ್ಣದೇನಲ್ಲ. ಇಷ್ಟು ಅಂತರವನ್ನು ತಕ್ಕಮಟ್ಟಿಗೆ ಧೈರ್ಯವಾಗಿ ಹಿಡಿಯಬೇಕಾದರೆ ಒಂದೊಂದು ಗುಂಪಿನಲ್ಲೂ ಮೂರು ಸಾವಿರಕ್ಕೆ ಹತ್ತಿರದಷ್ಟು ಜನ ಬೇಕು. ಸಾಧಾರಣ ಗಾತ್ರದ ವಿಶ್ವವಿದ್ಯಾಲಯ ಒಂದೇ ಸುತ್ತಿನಲ್ಲಿ ಅಷ್ಟು ಪತ್ರ ಕಳಿಸುವುದೇ ಅಪರೂಪ. ಸಮಾಜಶಾಸ್ತ್ರದ ಸಂಖ್ಯಾಶಾಸ್ತ್ರ ಪತ್ರಿಕೆಯಲ್ಲಿ ಉರುಹೊಡೆದಿದ್ದ ಸೂತ್ರವನ್ನು ಆಕೆ ಮೊದಲ ಬಾರಿಗೆ ಒಂದು ನಿಜವಾದ ತೀರ್ಮಾನಕ್ಕೆ ಹಚ್ಚಿದಳು.

ವರದಿಯ ಒಂದು ವಾಕ್ಯ

ಅಷ್ಟರಲ್ಲಿ ಪ್ರವೇಶಾತಿಯ ಒಟ್ಟು ಸಂಖ್ಯೆ ಹಿಂದಿನ ವರ್ಷಕ್ಕಿಂತ ಏರಿತ್ತು. ಕುಲಪತಿಯವರ ಮುಂದಿಡುವ ವರದಿಯಲ್ಲಿ ‘ಹೊಸ ಪತ್ರ ವ್ಯವಸ್ಥೆಯಿಂದ ಪ್ರವೇಶಾತಿ ಹೆಚ್ಚಳ’ ಎಂದು ಹಾಕೋಣ ಎಂಬ ಸಲಹೆ ಬಂತು. ಸಲಹೆ ಕೊಟ್ಟವರದು ಕೆಟ್ಟ ಉದ್ದೇಶವಲ್ಲ; ಹುಡುಗಿಗೂ ಒಳ್ಳೆಯದಾಗಲಿ ಎಂದೇ. ಆಕೆಯ ಹೆಸರೂ ವರದಿಯಲ್ಲಿ ಬರುತ್ತಿತ್ತು.

ಆದರೆ ಅದೇ ಅವಧಿಯಲ್ಲಿ ಪರೀಕ್ಷಾ ಫಲಿತಾಂಶಗಳು ಎಂದಿಗಿಂತ ಬೇಗ ಬಂದಿದ್ದವು, ಎರಡು ಹೊಸ ಕೋರ್ಸುಗಳು ಶುರುವಾಗಿದ್ದವು, ವಿದ್ಯಾರ್ಥಿವೇತನದ ನಿಯಮ ಸಡಿಲವಾಗಿತ್ತು. ಹಳೆಯ ಪತ್ರ ಪಡೆದ ಗುಂಪಿನಲ್ಲೂ ಖಚಿತಪಡಿಸಿದವರು ಹಿಂದಿನ ವರ್ಷಕ್ಕಿಂತ ಹೆಚ್ಚಿದ್ದರು. ಅಂದರೆ ಏರಿಕೆಯ ದೊಡ್ಡ ಪಾಲು ಪತ್ರದ್ದಲ್ಲ. ಹೋಲಿಕೆಗೆ ಒಂದು ಗುಂಪನ್ನು ಇಟ್ಟುಕೊಂಡಿರದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏರಿಕೆಯೆಲ್ಲ ಆಕೆಯ ಖಾತೆಗೇ ಜಮೆಯಾಗುತ್ತಿತ್ತು.

ಆಕೆ ಬರೆದುಕೊಟ್ಟ ವಾಕ್ಯ ಹೀಗಿತ್ತು: ‘ಪತ್ರದ ಕ್ರಮ, ವಿಷಯದ ಸಾಲು ಬದಲಿಸಿದ್ದರಿಂದ ಕ್ಲಿಕ್‌ಗಳು ಹೆಚ್ಚಿವೆ, ದಿನಾಂಕವನ್ನು ಪತ್ರದೊಳಗೇ ಹಾಕಿದ ಮೇಲೆ ಅದರ ಕುರಿತ ವಿಚಾರಣೆಗಳು ಇಳಿದಿವೆ, ಪ್ರವೇಶಾತಿಯ ಮೇಲಿನ ಪರಿಣಾಮ ಈ ಸಂಖ್ಯೆಗಳಿಂದ ಹೇಳಲಾಗದು.’ ಮುಖ್ಯಸ್ಥೆ ಅದನ್ನು ಹಾಗೇ ಕಳಿಸಿದರು. ಮೇಲಿನಿಂದ ಮೆಚ್ಚುಗೆಯೂ ಬರಲಿಲ್ಲ, ಆಕ್ಷೇಪವೂ ಬರಲಿಲ್ಲ. ಆದರೆ ದಿನಾಂಕ ಕುರಿತ ವಿಚಾರಣೆ ಇಳಿದದ್ದು ಪ್ರವೇಶಾತಿ ವಿಭಾಗದ ಗುಮಾಸ್ತರಿಗೆ ಗಂಟೆಗಟ್ಟಲೆ ಉಳಿತಾಯ. ಅವರೇ ಮುಂದಿನ ವರ್ಷಕ್ಕೂ ಆ ಪತ್ರ ಬೇಕೆಂದು ಕೇಳಿದರು. ಕಚೇರಿಗಳಲ್ಲಿ ಒಂದು ಬದಲಾವಣೆ ಉಳಿಯುವುದು ಬಹುಮಟ್ಟಿಗೆ ಇಂಥ ಕಾರಣಕ್ಕೆ.

ಏನು ಸಿಕ್ಕಿತು, ಏನು ಸಿಗಲಿಲ್ಲ

ಉಪಕರಣಗಳ ಪರಿಚಯ ಸಿಕ್ಕಿತು, ನಿಜ. ಅದಕ್ಕೆ ನಾನು ಹೆಚ್ಚು ಬೆಲೆ ಕಟ್ಟಲಾರೆ; ಮೇಲ್ ಕಳಿಸುವ ತಂತ್ರಾಂಶ ಮುಂದಿನ ಕೆಲಸದಲ್ಲಿ ಬೇರೆಯದಿರುತ್ತದೆ, ಒಂದೆರಡು ವಾರದಲ್ಲಿ ಯಾರಾದರೂ ಕಲಿಯುತ್ತಾರೆ. ಆಕೆಗೆ ದಕ್ಕಿದ ನಿಜವಾದ ಗಳಿಕೆ ಎಂದರೆ ತನ್ನ ಕೆಲಸದ ಪಾಲು ಎಷ್ಟು, ತಾನಾಗಿ ನಡೆದದ್ದು ಎಷ್ಟು ಎಂದು ಬೇರ್ಪಡಿಸಿ ನೋಡುವ ಅಭ್ಯಾಸ. ಮಾರ್ಕೆಟಿಂಗ್‌ನಲ್ಲಿ ವರ್ಷಗಟ್ಟಲೆ ದುಡಿದವರಲ್ಲೂ ಇದು ಸುಲಭಕ್ಕೆ ಕಾಣುವುದಿಲ್ಲ, ಏಕೆಂದರೆ ಬೇರ್ಪಡಿಸಿದರೆ ತಮ್ಮ ಪಾಲು ಸಣ್ಣದಾಗುತ್ತದೆ.

ವಿಶ್ವವಿದ್ಯಾಲಯ ಇದನ್ನು ಕಲಿಯಲು ಒಳ್ಳೆಯ ಜಾಗ ಎನ್ನುವುದಕ್ಕೆ ಕಾರಣವಿದೆ. ಪ್ರವೇಶಾತಿಗೆ ನಿಶ್ಚಿತ ಋತು ಇದೆ. ಪತ್ರ ಹೋದ ದಿನ, ಹಣ ಬಂದ ದಿನ ಎರಡೂ ದಾಖಲಾಗುತ್ತವೆ. ಪ್ರತಿ ಅರ್ಜಿಗೂ ಒಂದು ಸಂಖ್ಯೆ ಇದೆ. ಜೊತೆಗೆ ಸಂಖ್ಯಾಶಾಸ್ತ್ರ ಬಲ್ಲವರು, ಕಾನೂನು ಬಲ್ಲವರು ಅದೇ ಕಟ್ಟಡಗಳಲ್ಲಿ ಇರುತ್ತಾರೆ, ಕೇಳಿದರೆ ಹೇಳಿಕೊಡುತ್ತಾರೆ. ಓದನ್ನೂ ಕೆಲಸವನ್ನೂ ಹೆಣೆಯುವ ಯೋಚನೆಯೇ ವಿಶ್ವವಿದ್ಯಾಲಯದ್ದು: ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ 1906ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ತರಗತಿಗೂ ಕಾರ್ಖಾನೆಗೂ ಸರದಿಯಂತೆ ಕಳಿಸಲು ತೊಡಗಿದ್ದರು. ಆದರೂ ವಿಶ್ವವಿದ್ಯಾಲಯಗಳು ತಮ್ಮ ಆಡಳಿತ ಕಚೇರಿಗಳನ್ನೇ ಕಲಿಯುವ ಜಾಗವಾಗಿ ನೋಡುವುದು ಕಡಿಮೆ. ಇದು ನನಗೆ ಅರ್ಥವಾಗದ ಸಂಗತಿ.

ಇನ್ನೊಂದು ಗಳಿಕೆ ಜನ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದಂತೆ, ಪರಿಚಯಸ್ಥರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಬಂದದ್ದು ದಿನಾ ಭೇಟಿಯಾಗುವ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ ಎಂಬುದು ಅದರ ಹಿಂದಿನ ತರ್ಕ. ಈ ಇಂಟರ್ನ್‌ಗೆ ಮುಂದಿನ ಕೆಲಸದ ಸುಳಿವು ಕೊಟ್ಟದ್ದು ಹಣಕಾಸು ವಿಭಾಗದಲ್ಲಿ ಕಂತಿನ ವಿಚಾರಕ್ಕೆ ಮಾತಾಡಿದ್ದ ಒಬ್ಬರು. ಪೋಸ್ಟರ್ ಮೇಜಿನಲ್ಲೇ ಕೂತಿದ್ದರೆ ಅವರ ಪರಿಚಯಕ್ಕೆ ದಾರಿಯೇ ಇರಲಿಲ್ಲ.

ಸಿಗದೇ ಹೋದದ್ದೂ ಇದೆ. ಶುಲ್ಕ ಎಷ್ಟಿರಬೇಕು, ಯಾವ ಕೋರ್ಸು ತೆರೆಯಬೇಕು ಎಂಬ ಮಾತುಕತೆ ನಡೆಯುವ ಕೋಣೆಗೆ ಆಕೆ ಹೋಗಲಿಲ್ಲ. ಜಾಹೀರಾತಿನ ಹಣ ಎಲ್ಲಿ ಹೂಡಬೇಕೆಂದು ತೀರ್ಮಾನಿಸುವುದನ್ನು ಕಲಿಯಲಿಲ್ಲ. ಅದನ್ನು ಹೊರಗಿನ ಏಜೆನ್ಸಿ ನೋಡಿಕೊಳ್ಳುತ್ತಿತ್ತು. ತಾನು ಪತ್ರ ಬರೆದು ಕರೆದವರು ಮೊದಲ ವರ್ಷ ದಾಟಿದರೇ, ಬಂದದ್ದಕ್ಕೆ ಸಂತೋಷಪಟ್ಟರೇ ಎಂಬುದನ್ನು ಆರು ತಿಂಗಳಲ್ಲಿ ತಿಳಿಯುವುದು ಅಸಾಧ್ಯ. ಕಾರ್ಪೊರೇಟ್ ವೇಗದ ಅಭ್ಯಾಸವೂ ಆಗಲಿಲ್ಲ. ಒಂದು ಪತ್ರಕ್ಕೆ ವಾರಗಳು ಎಂದರೆ ಖಾಸಗಿ ಕಂಪನಿಗಳ ಸಂದರ್ಶಕರು ಹುಬ್ಬೇರಿಸುತ್ತಾರೆ.

ಸಂದರ್ಶನದಲ್ಲಿ ಹಾಗೇ ಆಯಿತು. ‘ನಿಮ್ಮಿಂದ ಪ್ರವೇಶಾತಿ ಶೇಕಡಾ ಎಷ್ಟು ಹೆಚ್ಚಿತು?’ ಎಂದು ಕೇಳಿದರು. ಆಕೆ ವರದಿಯಲ್ಲಿದ್ದದ್ದನ್ನೇ ಹೇಳಿ, ಎರಡು ಗುಂಪುಗಳ ವಿಷಯ, ಯಾಕೆ ಹೇಳಲಾಗದು ಎಂಬ ಲೆಕ್ಕ ವಿವರಿಸಿದಳು. ಒಂದು ಕಡೆ ಕೆಲಸ ಸಿಗಲಿಲ್ಲ. ಇನ್ನೊಂದು ಕಡೆ ಸಂದರ್ಶಕರು ಕಾಗದ ಮುಂದಿಟ್ಟು ಆ ಲೆಕ್ಕವನ್ನು ಬಿಡಿಸಿ ತೋರಿಸಿ ಎಂದರು, ಅಲ್ಲಿ ಸಿಕ್ಕಿತು. ಪ್ರಾಮಾಣಿಕತೆಗೆ ಸದಾ ಬಹುಮಾನ ಇದೆ ಎಂದು ಇದರಿಂದ ಯಾರೂ ತೀರ್ಮಾನಿಸಬೇಕಿಲ್ಲ. ಮೊದಲ ಕಂಪನಿಯಲ್ಲಿ ದೊಡ್ಡ ಶೇಕಡಾವಾರು ಹೇಳಿದ ಬೇರೆ ಯಾರೋ ಆಯ್ಕೆಯಾಗಿರಬಹುದು.

ಮೇಲ್ವಿಚಾರಕರಿಗೆ

ಇದೇ ಕಚೇರಿಯಲ್ಲಿ ಇನ್ನೊಬ್ಬರ ಕೈಕೆಳಗೆ ಇದೇ ಹುಡುಗಿ ಆರು ತಿಂಗಳೂ ಪೋಸ್ಟರ್ ಹಾಕಿ ಹೋಗುತ್ತಿದ್ದಳು. ವ್ಯತ್ಯಾಸ ಮಾಡಿದ್ದು ಮುಖ್ಯಸ್ಥೆಯ ಕೆಲವೇ ನಿರ್ಧಾರಗಳು. ಆಕೆಗೆ ತನ್ನದೇ ಆದ ಒಂದು ಪ್ರಶ್ನೆ ಕೊಟ್ಟರು. ಕಚ್ಚಾ ಮಾಹಿತಿ ಮುಟ್ಟಲು ಬಿಟ್ಟರು, ಆದರೆ ಅದರಲ್ಲಿನ ಹೆಸರುಗಳನ್ನು ತೆಗೆಸಿದ ಮೇಲೆ. ಬೇರೆ ವಿಭಾಗಗಳಿಗೆ ತಾವೇ ಮೇಲ್ ಬರೆಯುವ ಬದಲು ಆಕೆಯನ್ನು ಕಳಿಸಿದರು; ಹೋಗುವ ಮುಂಚೆ ಫೋನಿನಲ್ಲಿ ‘ನಮ್ಮ ಹುಡುಗಿ ಬರ್ತಾಳೆ, ಸ್ವಲ್ಪ ಕೂರಿಸಿ ಹೇಳಿ’ ಎಂದೂ ಹೇಳಿದ್ದರು. ವಾರಕ್ಕೊಮ್ಮೆ ಅರ್ಧ ಗಂಟೆ ಆಕೆಯ ಹಾಳೆಯನ್ನು ಒಟ್ಟಿಗೆ ನೋಡಿದರು. ಕೊನೆಯದನ್ನು ಬಹಳ ಮಂದಿ ಮೇಲ್ವಿಚಾರಕರು ಮೊದಲ ತಿಂಗಳೇ ಬಿಟ್ಟುಬಿಡುತ್ತಾರೆ.

ಸ್ಟೈಪೆಂಡ್ ಇದ್ದದ್ದೂ ಸಣ್ಣ ಸಂಗತಿಯಲ್ಲ. ಹಣವಿಲ್ಲದ ಇಂಟರ್ನ್‌ಶಿಪ್‌ಗೆ ಬರಬಲ್ಲವರು ಮನೆಯಿಂದ ಖರ್ಚು ಸಾಗುವವರು ಮಾತ್ರ. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳುವವರ ಕಷ್ಟ ಅಂಥವರ ಕಣ್ಣಿಗೆ ಬೀಳುವುದು ತಡ.

ಮುಂದಿನ ವರ್ಷದ ಇಂಟರ್ನ್‌ಗೆ ಕಚೇರಿ ಕೆಲಸದ ಪಟ್ಟಿಯನ್ನು ಬದಲಿಸಿತು. ವಿಚಾರಣೆಯ ಮೇಲ್‌ಗಳನ್ನು ಓದುವುದು ಮೊದಲ ವಾರದಿಂದಲೇ. ಪೋಸ್ಟರ್ ಕೆಲಸ ವಾರಕ್ಕೆ ಎರಡು ದಿನಕ್ಕೆ ಸೀಮಿತ. ನಾಲ್ಕೂ ವಿಭಾಗಗಳಲ್ಲಿ ಒಂದೊಂದು ದಿನ ಕೂರುವುದು ಕಡ್ಡಾಯ. ಇಂಟರ್ನ್‌ಶಿಪ್ಪನ್ನು ಒಂದು ವರ್ಷಕ್ಕೆ ವಿಸ್ತರಿಸಬೇಕು, ಹಾಗಾದರೆ ಬಂದ ವಿದ್ಯಾರ್ಥಿಗಳು ಉಳಿದರೇ ಎಂಬುದನ್ನೂ ನೋಡಬಹುದು ಎಂದು ಮುಖ್ಯಸ್ಥೆ ಬರೆದ ಪ್ರಸ್ತಾವ ಹಣಕಾಸು ವಿಭಾಗದಲ್ಲಿದೆ.